‘ಅನಾನ್’ ಅಂದರೆ ಎಷ್ಟು ಹೊತ್ತು?

ಷೇಕ್ಸ್‌ಪಿಯರನ ‘ನಾಲ್ಕನೇ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಫ್ರಾನ್ಸಿಸ್ ಎಂಬ ಹುಡುಗನಿದ್ದಾನೆ. ಲಂಡನ್ನಿನ ಈಸ್ಟ್‌ಚೀಪ್ ಬೀದಿಯ ಹೆಂಡದಂಗಡಿಯಲ್ಲಿ ಗಿರಾಕಿಗಳಿಗೆ ಮದ್ಯ ತಂದುಕೊಡುವವನು. ಯುವರಾಜ ಹಾಲ್ ಅವನನ್ನು ಮಾತಿಗೆಳೆದು ನಿಲ್ಲಿಸಿಕೊಳ್ಳುತ್ತಾನೆ. ಗೆಳೆಯ ಪಾಯಿನ್ಸ್ ಪಕ್ಕದ ಕೋಣೆಯಿಂದ ಬಿಡದೆ ಕೂಗುತ್ತಾನೆ. ಇಬ್ಬರ ತಮಾಷೆಗೆ ಸಿಕ್ಕ ಹುಡುಗನ ಬಾಯಲ್ಲಿ ಮತ್ತೆ ಮತ್ತೆ ಒಂದೇ ಉತ್ತರ: ‘ಅನಾನ್, ಅನಾನ್!’

ಹೋಟೆಲ್ ಮಾಣಿಯ ‘ಬಂದೆ ಸಾರ್’ ಕೇಳಿ ಕಾದು ಕೂತವರಿಗೆ ಈ ಅನಾನ್ ಎಷ್ಟು ಹೊತ್ತಿನದೆಂದು ಬಿಡಿಸಿ ಹೇಳಬೇಕಿಲ್ಲ.

ಹುಟ್ಟಿದಾಗ ಈ ಪದ ಇಷ್ಟು ಸಡಿಲವಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಎರಡು ಪದ. ಅದರಲ್ಲಿ ಎರಡನೆಯದರ ಅರ್ಥ ‘ಒಂದು’. ‘ಒಂದಾಗಿ’, ‘ಒಂದೇ ಓಟದಲ್ಲಿ’ ಎಂಬಲ್ಲಿಂದ ಹೊರಟು ‘ತಕ್ಷಣ’ ಎಂಬಲ್ಲಿಗೆ ಬಂತು. ನಮ್ಮ ‘ಒಮ್ಮೆಲೇ’ಯೊಳಗೂ ಒಂದು ಇದೆಯಲ್ಲ! 14ನೇ ಶತಮಾನದ ಕವಿ ಚಾಸರನಿಗೆ ಅನಾನ್ ಎಂದರೆ ಆ ಕ್ಷಣವೇ. ಇನ್ನೂ ಒತ್ತಿ ಹೇಳಬೇಕೆಂದರೆ ‘ಅನಾನ್-ರೈಟ್’ ಎನ್ನುತ್ತಿದ್ದ.

16ನೇ ಶತಮಾನದ ಹೊತ್ತಿಗೆ ಅದು ‘ಇನ್ನೇನು, ಸ್ವಲ್ಪ ಹೊತ್ತಿನಲ್ಲಿ’ ಎಂಬುದಕ್ಕೆ ಜಾರಿತ್ತು. ಧರ್ಮಗ್ರಂಥ ಮಾತ್ರ ಹಳೆಯದನ್ನೇ ಹಿಡಿದುಕೊಂಡಿತು. ಸೀಮೋನನ ಅತ್ತೆಗೆ ಜ್ವರ ಬಂದಿರುವುದನ್ನು ಯೇಸುವಿಗೆ ಕೂಡಲೇ ತಿಳಿಸಿದರೆಂಬ ಕಡೆ 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿರುವುದು ಅನಾನ್. 1881ರ ಪರಿಷ್ಕೃತ ಹೊಸ ಒಡಂಬಡಿಕೆ ಅದನ್ನು ತೆಗೆದು ‘ಸ್ಟ್ರೇಟ್‌ವೇ’ ಹಾಕಿತು. ಈಗ ಅದೂ ಮುದಿಯಾಗಿದೆ.

ಹೀಗೆ ಜಾರಿದ್ದು ಅನಾನ್ ಒಂದೇ ಅಲ್ಲ. ‘ಸೂನ್’ ಕೂಡ ಹಳೆಯ ಇಂಗ್ಲಿಷಿನಲ್ಲಿ ‘ತಕ್ಷಣ’ವೇ ಆಗಿತ್ತು, ‘ಪ್ರೆಸೆಂಟ್ಲಿ’ಯ ಕತೆಯೂ ಅದೇ. ‘ಬೈ ಅಂಡ್ ಬೈ’ಯದಂತೂ ವಿಚಿತ್ರ. ಅದೇ 1611ರ ಬೈಬಲಿನಲ್ಲಿ ಹೆರೋದ್ಯಳ ಮಗಳು ಸ್ನಾನಿಕ ಯೋಹಾನನ ತಲೆಯನ್ನು ‘ಬೈ ಅಂಡ್ ಬೈ’ ತಟ್ಟೆಯಲ್ಲಿ ತರಿಸೆಂದು ಕೇಳುತ್ತಾಳೆ. ಇಂದಿನ ಓದುಗರಿಗೆ ಹುಡುಗಿಗೆ ಅವಸರವೇ ಇಲ್ಲವೆನಿಸೀತು. ಅವಳು ಕೇಳಿದ್ದು ಈಗಿಂದೀಗಲೇ. ತಪ್ಪು ಪದಗಳದ್ದಲ್ಲ. ‘ಈಗಲೇ’ ಎಂದು ಮಾತು ಕೊಟ್ಟು ನಿಧಾನವಾಗಿ ಎದ್ದುಬರುವ ಮನುಷ್ಯರದ್ದು.

ಇಂಗ್ಲಿಷ್ ಪದ್ಯಸಂಕಲನಗಳಲ್ಲಿ ಕವಿಯ ಹೆಸರಿರಬೇಕಾದ ಜಾಗದಲ್ಲಿ ಕಾಣುವ ‘ಅನಾನ್’ಗೂ ಇದಕ್ಕೂ ನಂಟಿಲ್ಲ. ಅದು ‘ಅನಾನಿಮಸ್’ನ ಮೊಟಕು ರೂಪ, ಗ್ರೀಕ್ ಮೂಲದ್ದು.