ವೀರನಿಗೆ ಬೇಕಾದ ವೈರಿ

ಮಿಖಾಯೆಲ್ ಎಂಡೆಯ ‘ದ ನೆವರ್‌ಎಂಡಿಂಗ್ ಸ್ಟೋರಿ’ (ಜರ್ಮನ್ ಮೂಲ 1979) ಎಂದರೆ ಹಲವರಿಗೆ ನೆನಪಾಗುವುದು 1984ರ ಸಿನಿಮಾ. ಅದು ಕಾದಂಬರಿಯ ಅರ್ಧಕ್ಕೇ ನಿಂತುಬಿಡುವುದರಿಂದ, ಉತ್ತರಾರ್ಧದ ವೀರ ಹಿನ್ರೆಕ್ ಅದರಲ್ಲಿಲ್ಲ. ಕಾದಂಬರಿಯಲ್ಲೂ ಅವನ ಪಾಲಿಗೆ ಸಿಕ್ಕಿರುವುದು ಕೆಲವೇ ಪುಟ. ಆದರೆ ಕಥೆ ಕಟ್ಟುವವನ ಹೊಣೆ ಏನು ಎಂಬ ಪ್ರಶ್ನೆ ಅತ್ಯಂತ ಚುರುಕಾಗಿ ಏಳುವುದು ಆ ಪುಟಗಳಲ್ಲೇ.

ಓದುತ್ತಿದ್ದ ಪುಸ್ತಕದೊಳಗೇ ಹೊಕ್ಕ ಹುಡುಗ ಬಾಸ್ಟಿಯನ್‌ಗೆ ಅಲ್ಲಿ ಬಯಸಿದ್ದೆಲ್ಲ ನಿಜವಾಗುತ್ತದೆ. ಬೆಳ್ಳಿಯ ನಗರ ಅಮರ್ಗಾಂತ್‌ನ ಪಂದ್ಯದಲ್ಲಿ ಅವನು ಹಿನ್ರೆಕ್‌ನನ್ನು ಎಲ್ಲರೆದುರು ಸೋಲಿಸುತ್ತಾನೆ. ಮಹಾವೀರನನ್ನಲ್ಲದೆ ಬೇರಾರನ್ನೂ ವರಿಸೆನೆಂದ ರಾಜಕುಮಾರಿ ಒಗ್ಲಾಮಾರ್ ಸೋತವನಿಗೆ ಬೆನ್ನು ತಿರುಗಿಸುತ್ತಾಳೆ. ಬಾಸ್ಟಿಯನ್‌ಗೆ ಕನಿಕರ ಹುಟ್ಟುತ್ತದೆ. ನಿಂತ ನಿಲುವಿನಲ್ಲೇ ಸ್ಮೆರ್ಗ್ ಎಂಬ ಡ್ರ್ಯಾಗನ್ನಿನ ಕಥೆ ಹೆಣೆಯುತ್ತಾನೆ: ಇಲಿಯ ಮೈ, ಚೇಳಿನ ಬಾಲ. ಹೇಳಿ ಮುಗಿಸುವಷ್ಟರಲ್ಲಿ ಅದು ರಾಜಕುಮಾರಿಯನ್ನು ಹೊತ್ತು ಹಾರುತ್ತಿರುತ್ತದೆ. ಹಿನ್ರೆಕ್ ಉತ್ಸಾಹದಿಂದ ಬೆನ್ನಟ್ಟುತ್ತಾನೆ.

ಈ ಪ್ರಸಂಗದ ಹಾಸ್ಯದಡಿಯಲ್ಲಿ ಕ್ರೌರ್ಯವಿದೆ. ಒಬ್ಬನ ಮಾನ ಉಳಿಸಲು ಒಂದು ನಾಡಿನ ತಲೆಯ ಮೇಲೆ ಪಿಡುಗು ಬಿದ್ದಿತು. ಸೋಲಿಸಿ ನೋಯಿಸಿದವನೂ ಬಾಸ್ಟಿಯನ್ನೇ, ಮದ್ದು ಕೊಟ್ಟವನೂ ಅವನೇ. ಮದ್ದಿನ ಬೆಲೆ ತೆರುವವರು ಮಾತ್ರ ಬೇರೆಯವರು. ತನ್ನ ಶೌರ್ಯಕ್ಕೆ ಬೇಕಾದ ವೈರಿಯನ್ನು ಯಾರೋ ಈಗಷ್ಟೇ ಹೊಸೆದರೆಂಬ ಸುಳಿವೂ ಹಿನ್ರೆಕ್‌ಗಿಲ್ಲ. ಕಥೆಯೊಳಗೆ ಕಥೆ ಎಂಬ ತಂತ್ರ ಇಲ್ಲಿ ಬರಿಯ ಚಮತ್ಕಾರವಲ್ಲ. ವೀರಗಾಥೆಗೆ ಮೊದಲು ಬೇಕಾದದ್ದು ವೀರನಲ್ಲ, ಕೇಡು. ಅದನ್ನು ತಂದಿಡುವವನು ಕಥೆಗಾರ ಎಂಬುದನ್ನು ಎಂಡೆ ಉಪದೇಶವಿಲ್ಲದೆ ಕಾಣಿಸುತ್ತಾನೆ. ಮುಂದೆ ಅಖರಾಯಿ ಎಂಬ ಅಳುಬುರುಕ ಜೀವಿಗಳಿಗೆ ಉಪಕಾರ ಮಾಡಲು ಹೋಗಿ ಬಾಸ್ಟಿಯನ್ ಅವರನ್ನು ಹೊಣೆಗೇಡಿ ಕೋಡಂಗಿಗಳನ್ನಾಗಿ ಮಾಡುವುದೂ ಇದೇ ಜಾಡಿನಲ್ಲಿ.

ಆಕ್ಷೇಪವೂ ಉಂಟು. ಒಗ್ಲಾಮಾರ್ ಇಲ್ಲಿ ಬರಿಯ ಬಹುಮಾನ. ಅವಳ ಭಯಕ್ಕೆ ದನಿ ಸಿಕ್ಕಿಲ್ಲ. ಹಳೆಯ ವೀರಕಥೆಗಳನ್ನು ಅಣಕಿಸುವ ಭರದಲ್ಲಿ ಎಂಡೆ ಅವುಗಳ ದೋಷವನ್ನೂ ಜೊತೆಗೆ ಹೊತ್ತುತಂದಿದ್ದಾನೆ. ಅದು ಬೇರೆಯೇ ಕಥೆ, ಇನ್ನೊಮ್ಮೆ ಹೇಳೋಣ ಎಂದು ಜಾರಿಕೊಳ್ಳುವ ಅವನ ಪರಿಪಾಠ ಉಳಿದೆಡೆ ಕುತೂಹಲ ಕೆರಳಿಸುತ್ತದೆ. ಡ್ರ್ಯಾಗನ್ನಿಗೆ ಬಲಿಯಾದವರ ಲೆಕ್ಕ ಕೇಳಬೇಕಾದ ಈ ಜಾಗದಲ್ಲಿ ಅದು ನುಣುಚುಗಾರಿಕೆ. ಬಾಸ್ಟಿಯನ್‌ನ ಹೊಣೆಗೇಡಿತನವನ್ನು ಅಷ್ಟು ಸ್ಪಷ್ಟವಾಗಿ ಕಂಡ ಲೇಖಕನಿಗೆ ಇಲ್ಲಿ ತನ್ನದು ಕಂಡಂತಿಲ್ಲ.