ಸಂಬೋಳಿ: ಈ ಎಚ್ಚರಿಕೆ ಯಾರಿಗೆ?

'ಸಂಬೋಳಿ' ಪದಕ್ಕೆ ಕ್ಲಾಸಿನಲ್ಲಿ ಅರ್ಥ ಹೇಳೋದು ಸುಲಭ. ಅಸ್ಪೃಶ್ಯರು ಬೀದಿಯಲ್ಲಿ ನಡೆಯುವಾಗ, ಮೇಲ್ಜಾತಿಯವರು ದೂರ ಸರಿಯಲಿ ಅಂತ ಕೂಗಬೇಕಾಗಿದ್ದ ಎಚ್ಚರಿಕೆಯ ಮಾತು. ಹುಡುಗರು ಬರ್ಕೊಳ್ತಾರೆ, ನಾವು ಮುಂದಿನ ಸಾಲಿಗೆ ಹೋಗ್ತೀವಿ. ಈ ಅರ್ಥ ತಪ್ಪಲ್ಲ, ಅರ್ಧ.

'ಹಾವಿದೆ, ಜೋಕೆ' ಅಂದರೆ ಅಪಾಯ ಕೇಳುವವನಿಗೆ. ಹೇಳುವವನು ಅವನ ಹಿತೈಷಿ. ಸಂಬೋಳಿಯಲ್ಲಿ ಇದು ತಿರುಗುಮುರುಗು. ಕೂಗುವವನು ತಾನೇ ಹಾವು ಅಂತ ಸಾರಿಕೊಳ್ಳಬೇಕು. ನಿಜವಾದ ಅಪಾಯ ಇರೋದೂ ಅವನಿಗೇ: ಕೂಗದಿದ್ದರೆ ಏಟು ಬೀಳುವುದು ಅವನ ಬೆನ್ನಿಗೆ. ಇದನ್ನು 'ಆ ಕಾಲದ ಪದ್ಧತಿ' ಎಂದು ಮುಗಿಸುವ ನಮ್ಮ ವಿಮರ್ಶೆ, ಹೊಡೆಯುವ ಕೈಯನ್ನು ಪದದ ಅರ್ಥದಿಂದಲೇ ಬಿಟ್ಟುಬಿಟ್ಟಿದೆ.

ಪಕ್ಕದಲ್ಲಿ 'ಪರಾಕು' ಇಟ್ಟು ನೋಡಿ. ದೊರೆ ಬರುವಾಗಲೂ ಒಂದು ಕೂಗು ಮುಂದೆ ಬರುತ್ತೆ, ಜನ ಸರೀತಾರೆ. ಆದರೆ ಅದನ್ನು ದೊರೆ ಕೂಗೋದಿಲ್ಲ, ಅವನ ಆಳು ಕೂಗ್ತಾನೆ. ಅವಮಾನವನ್ನು ಮಾತ್ರ ಸ್ವಂತ ಬಾಯಿಂದ ಸಾರಿಕೊಳ್ಳಬೇಕು.

ಇದು ಕನ್ನಡನಾಡಿನ ಪಾಡು ಮಾತ್ರವಲ್ಲ. 5ನೇ ಶತಮಾನದ ಆರಂಭದಲ್ಲಿ ಬಂದ ಚೀನೀ ಯಾತ್ರಿಕ ಫಾಹಿಯಾನ್, ಚಂಡಾಲರು ಪಟ್ಟಣದೊಳಗೆ ಬರುವಾಗ ಮರದ ತುಂಡು ಬಡಿಯುತ್ತಾರೆಂದು ಬರೆದಿದ್ದಾನೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಾಗಿದ್ದನ್ನು ಅಂಬೇಡ್ಕರ್ 1936ರಲ್ಲಿ 'ಜಾತಿ ವಿನಾಶ'ದಲ್ಲಿ ಹೇಳಿದರು. ಸಂಬೋಳಿ ಇನ್ನೂ ಕ್ರೂರ. ಅದು ಮನುಷ್ಯನ ಬಾಯನ್ನೇ ಮರದ ತುಂಡು ಮಾಡುತ್ತದೆ.

ಈ ಕಿವಿಯಿಂದ ಸಂಬೋಳಿ ನಾಗಿದೇವನ ಕತೆ ಕೇಳಬೇಕು. ಬಸವಣ್ಣ ಅವನ ಮನೆಗೆ ಹೋದ, ಬಿಜ್ಜಳನ ಹತ್ತಿರ ದೂರು ಹೋಯ್ತು, ಕೊನೆಗೆ ನಾಗಿದೇವನ ಮೈಯಿಂದ ಹಾಲು ಹೊಮ್ಮಿತು. ಇದನ್ನು ಬಸವಣ್ಣನ ದೊಡ್ಡತನದ ಕತೆಯಾಗಿ ಓದ್ತಾ ಬಂದಿದ್ದೀವಿ. ಆ ದೊಡ್ಡತನ ಸುಳ್ಳಲ್ಲ. ಆದರೆ ನಾಗಿದೇವನ ಕಡೆಯಿಂದ ಎರಡು ಪ್ರಶ್ನೆಗಳಿವೆ. ಶರಣನಾದ ಮೇಲೂ ಅವನ ಹೆಸರಿಗಿಂತ ಮುಂಚೆ ಕೂಗು ಯಾಕೆ ಬರುತ್ತೆ? ಶುದ್ಧ ಅಂತ ಸಾಬೀತು ಮಾಡೋಕೆ ತನ್ನ ಮೈಯನ್ನೇ ಸಾಕ್ಷಿಗೆ ಒಡ್ಡಬೇಕಾದವನು ಅವನೇ ಯಾಕೆ? ಪವಾಡ ಕೂಡ ಅವನಿಂದ ಪುರಾವೆ ಕೇಳಿತು.

1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಬೀದಿಯಲ್ಲಿ ಈಗ ಸಂಬೋಳಿ ಕೇಳಿಸೋದಿಲ್ಲ. ಆದರೆ ಕೆಲಸಕ್ಕೆ ಸೇರಿದ ಊರಲ್ಲಿ ಬಾಡಿಗೆ ಮನೆ ನೋಡೋಕೆ ಹೋದಾಗ, ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ರು: 'ನಿಮ್ಮದು ಯಾವ ಕಡೆ? ಮನೆದೇವ್ರು ಯಾವುದು?' ಊರಿನ ಹೆಸರು ಹೇಳಿದೆ, ಸಾಲಲಿಲ್ಲ. ಸುಮ್ಮನಾದೆ. ಆ ಸುಮ್ಮನಿದ್ದದ್ದೇ ಅವರಿಗೆ ಉತ್ತರವಾಯ್ತು. ಮನೆ ಖಾಲಿ ಇಲ್ಲ ಅಂದ್ರು. ಕೂಗು ನಿಂತಿದೆ, ಕೂಗಿಸುವವರು ನಿಂತಿಲ್ಲ.

ಕನ್ನಡದ 'ಎಚ್ಚರ'ಕ್ಕೆ ಎರಡು ಅರ್ಥ: ಹುಷಾರಾಗಿರುವುದು, ನಿದ್ದೆಯಿಂದ ಎದ್ದಿರುವುದು. ನಮ್ಮ ಹಿರೀಕರ ಬಾಯಿಂದ ಮೊದಲನೆಯದನ್ನು ಬೇರೆಯವರ ಸಲುವಾಗಿ ಕೂಗಿಸಿದರು. ದಲಿತ ವಿಮರ್ಶೆ ಎರಡನೆಯದರಿಂದ ಶುರುವಾಗಬೇಕು. ಈ ಪದ ಪಾಠದಲ್ಲಿ ಬಂದಾಗ ಅರ್ಥ ಬರೆಸಿ ಮುಂದಕ್ಕೆ ಹೋಗೋದು ಬೇಡ. 'ಕೂಗದಿದ್ದರೆ ಏನಾಗ್ತಿತ್ತು?' ಅಂತ ಹುಡುಗರನ್ನು ಕೇಳೋಣ. ಉತ್ತರ ಗೊತ್ತಿರುವ ಹುಡುಗರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ.