ಎಣ್ಣೆ ಕುಡಿದ ಬಂದೂಕು

ಕಕ್ಕೇರಾದ ಗೆಳೆಯ ಗೌಡರ ಮನೆಯಲ್ಲಿ ಅಜ್ಜನ ಕಾಲದ ಬ್ರೌನಿಂಗ್ ಇದೆ. ಹನ್ನೆರಡು ಬೋರ್, ಐದು ಕಾಡತೂಸು, ಅರೆ ಸ್ವಯಂಚಾಲಿತ. 2024ರ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು. ಲೋಕಸಭೆಯ ಜೊತೆ ಸುರಪುರಕ್ಕೆ ಉಪಚುನಾವಣೆಯೂ ಇತ್ತು. ಎಲ್ಲರ ಬಂದೂಕಿನಂತೆ ಇದೂ ಠಾಣೆ ಸೇರಿತು. ಜೂನ್‌ನಲ್ಲಿ ಮನೆಗೆ ಬಂದಾಗ ಬೋಲ್ಟ್ ಅರ್ಧ ದಾರಿಯಲ್ಲೇ ಕಚ್ಚಿಕೊಳ್ಳುತ್ತಿತ್ತು.

“ಜಂಗ್ ಹಿಡಿಬಾರದಂತ ಎಣ್ಣಿ ಛಲೋ ಕುಡಿಸಿ ಕೊಟ್ಟಿದ್ದೆರಿ” ಅಂದರು ಗೌಡರು.

ಯಾವ ಎಣ್ಣೆ ಎಂದೆ. ಕುಸುಬಿ!

ರೊಟ್ಟಿ, ಚಟ್ನಿಪುಡಿಗೆ ಕುಸುಬಿ ಎಣ್ಣೆಯನ್ನು ಮೀರಿಸಿದ್ದಿಲ್ಲ. ಆದರೆ ಗಾಳಿಗೆ ಒಣಗಿ ಅಂಟಾಗುವುದು ಅದರ ಗುಣ; ಬಣ್ಣ, ವಾರ್ನಿಷ್‌ಗೆ ಅದನ್ನು ಬಳಸುವುದೂ ಅದಕ್ಕೇ. ಮೇಲೆ ಎರೆ ಹೊಲದ ಧೂಳು ಕೂತರೆ ಅರೆದ ಖಾರದಂತೆ ಗಟ್ಟಿ.

ಜೋಡುನಳಿಗೆ ಇದನ್ನೆಲ್ಲ ತಾಳೀತು. ಈ ಬಂದೂಕು ತಾಳದು. ಜಾನ್ ಬ್ರೌನಿಂಗ್ ರೂಪಿಸಿದ ಇದನ್ನು ಬೆಲ್ಜಿಯಂನ ಎಫ್ಎನ್ ಕಾರ್ಖಾನೆ 1902ರಲ್ಲಿ ಹೊರತಂದಿತು. ಗುಂಡು ಹಾರಿದಾಗ ನಳಿಗೆಯೂ ಬೋಲ್ಟೂ ಒಟ್ಟಿಗೆ ಹಿಂದೆ ಸರಿಯುತ್ತವೆ. ಆ ರಭಸಕ್ಕೆ ಲಗಾಮು ಮ್ಯಾಗಜೀನ್ ಕೊಳವೆಯನ್ನು ಅಪ್ಪಿರುವ ಕಂಚಿನ ಬಳೆ. ಕೊಳವೆ ಒಣಗಿ ಜಂಗು ಹಿಡಿದರೆ ನಳಿಗೆ ಪೂರ್ತಿ ಹಿಂದೆ ಬಾರದೆ ಖಾಲಿ ಕಾಡತೂಸು ಸಿಕ್ಕಿಬೀಳುತ್ತದೆ. ಎಣ್ಣೆ ಸೋರುವಂತಿದ್ದರೆ ಬಳೆ ಜಾರಿ, ಪೆಟ್ಟು ನೇರ ಮುಂಗಟ್ಟಿಗೆಗೆ ಬಿದ್ದು ಅದು ಸೀಳುತ್ತದೆ. ಉಕ್ಕಿನ ಬಳೆಯೊಂದೂ ಇದೆ: ಭಾರಿ ಕಾಡತೂಸಿಗೆ ಸ್ಪ್ರಿಂಗ್ ಮತ್ತು ಕಂಚಿನ ಬಳೆಯ ನಡುವೆ, ಹಗುರದ್ದಕ್ಕೆ ಸ್ಪ್ರಿಂಗಿನ ಹಿಂದೆ. ಬಂದೂಕು ‘ಕೆಟ್ಟಿದೆ’ ಎಂದು ತಂದವರಲ್ಲಿ ಇದನ್ನು ತಿರುಗುಮುರುಗು ಹಾಕಿದವರೇ ಹೆಚ್ಚು ಎಂಬುದು ನನ್ನ ಲೆಕ್ಕ.

ಮ್ಯಾಗಜೀನ್, ನಳಿಗೆಯ ಬುಡ ಎರಡೂ ಖಾಲಿ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ ಬಿಚ್ಚಿದೆವು. ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್, ಹರಿದ ಧೋತರ. ಒಂದು ಮಧ್ಯಾಹ್ನ ಕಳೆಯಿತು. ಕೊನೆಗೆ ಕೊಳವೆಗೆ ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಸವರಿ, ಅದನ್ನೂ ಒರೆಸಿಬಿಟ್ಟೆವು. ಬೆರಳಿಗೆ ನುಣುಪು ತಾಗಬೇಕು, ಜಿಡ್ಡು ತಾಗಬಾರದು.

ಹಿಡಿಯೊಳಗೆ ಬೋಲ್ಟನ್ನು ಮುಂದೂಡುವ ಸ್ಪ್ರಿಂಗ್ ಅಡಗಿದೆ. ಅದನ್ನು ನೆನೆಯುವವರೇ ಇಲ್ಲ. ಬಂದೂಕನ್ನು ಸದಾ ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆಯೆಲ್ಲ ಇಳಿದು ಅಲ್ಲಿಯ ಕಟ್ಟಿಗೆಯನ್ನು ನೆನೆಸುತ್ತದೆ. ಹಳೆಯ ಬಂದೂಕಿನ ಹಿಡಿ ಕಬ್ಬಿಣಕ್ಕೆ ತಾಗುವಲ್ಲಿ ಕಪ್ಪಾಗಿ ಮೆತ್ತಗಿದ್ದರೆ ಕಾರಣ ಇದು. ಎಣ್ಣೆ ಹಾಕಿದ ಮೇಲೆ ಎರಡು ದಿನ ಬಾಯಿ ಕೆಳಗೆ ಮಾಡಿ ಇಡಿ. ಸ್ಪ್ರಿಂಗ್ ಸತ್ತಿದ್ದರೆ ಪರವಾನಗಿ ಇರುವ ಮಿಸ್ತ್ರಿಯೇ ಬದಲಿಸಲಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಡನಾಯಕರ ಈ ಸೀಮೆಯಲ್ಲೂ ಬೇಟೆ ಮುಗಿದ ಮಾತು. ಗೌಡರ ಬಂದೂಕು ಹೊರಗೆ ಬರುವುದು ಆಯುಧಪೂಜೆಗೆ. ಒಂದೇ ವಿನಂತಿ: ಕುಂಕುಮವನ್ನು ಕಟ್ಟಿಗೆಗೆ ಹಚ್ಚಿರಿ, ನಳಿಗೆಗೆ ಬೇಡ.